ಏಕಾದಶಿಯ ನೊಣಗಳು

ಬಾಳೆಹಣ್ಣಿನ ಮೇಲೆ ಬಂದು ಕೂರುವ ಎಳ್ಳಿನಷ್ಟು ಸಣ್ಣ ನೊಣಗಳಿಗೆ ನಾನು ಒಂದೂವರೆ ವರ್ಷ ಅಡಿಗೆ ಮಾಡಿ ಹಾಕಿದ್ದೇನೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಅದರಲ್ಲಿ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಅದೇ ನೊಣಗಳ ವಿಷಯದಲ್ಲಿ ನಾನು ಮಾಡಿದ ಒಂದು ಕೆಲಸಕ್ಕೆ, ಆಮೇಲೆ ಆಡಿದ ಒಂದು ಮಾತಿಗೆ. ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದೇವರ ಮುಂದೆ ಹೇಳುವುದು ಸುಲಭ, ಆತ ತಿರುಗಿ ಏನೂ ಕೇಳುವುದಿಲ್ಲ.

ನಮ್ಮದು ಧಾರವಾಡದ ಕಡೆ. ಮನೆಯವರು ಬ್ಯಾಂಕಿನಲ್ಲಿ ಅಧಿಕಾರಿ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಎಂವಿಪಿ ಕಾಲೋನಿಯಲ್ಲಿ ಮಹಡಿಯ ಮೇಲಿನ ಮನೆ. ಸಮುದ್ರದ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿಯುತ್ತಿತ್ತು, ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತಿತ್ತು. ಆದರೆ ದಿನಕ್ಕೆ ಎರಡು ಹೊತ್ತು ನಲ್ಲಿ ನೀರು, ಕೆಳಗಿನ ಮನೆಯೊಡತಿ ಒಳ್ಳೆಯ ಹೆಂಗಸು, ತಿಂಗಳಿಗೊಮ್ಮೆ ಸಿಂಹಾಚಲಕ್ಕೆ ಹೋಗಿ ಬರುವಷ್ಟು ಬಿಡುವು. ಇದಕ್ಕಿಂತ ಹೆಚ್ಚು ಕೇಳಬಾರದು ಎಂದು ನಾನು ಅಂದುಕೊಂಡಿದ್ದೆ.

ನಾವು ಹೋದ ಮರುವರ್ಷ ನನ್ನ ನಾದಿನಿ ಬಂದಳು. ಇವರ ಒಬ್ಬಳೇ ತಂಗಿ. ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದಳು. ಅಲ್ಲಿನ ಕಾಲೇಜೊಂದರಲ್ಲಿ ಒಬ್ಬ ಗೈಡು ಅವಳನ್ನು ಪಿಎಚ್‌ಡಿಗೆ ತೆಗೆದುಕೊಂಡಿದ್ದರು. ನಮ್ಮ ಮಾವ ಅತ್ತೆ ಆಗಲೇ ತೀರಿಕೊಂಡಿದ್ದರಿಂದ ಅವಳಿಗೆ ಅಣ್ಣನೇ ಯಜಮಾನ. ಅವಳು ಬಂದ ದಿನವೇ ಅಣ್ಣ ಷರತ್ತು ಹಾಕಿದರು.

"ಮೂರ ವರ್ಷ ನೋಡು. ಅಷ್ಟರಾಗ ನಿನ್ನ ಡಾಕ್ಟರಕಿ ಮುಗಿಸಬೇಕು. ಆಮ್ಯಾಲೆ ನಾ ತೋರಿಸಿದ ಹುಡುಗನ್ನ ನೋಡಬೇಕು."

"ಎರಡೂವರಿಯೊಳಗ ಮುಗಸ್ತೀನಿ ಅಣ್ಣಾ. ಉಳದ ಆರ ತಿಂಗಳದಾಗ ಹುಡುಗನ್ನ ನಾನ ಹುಡಕತೀನಿ," ಎಂದಳು ಅವಳು. ಬಾಯಿ ಹಾಗಿತ್ತು. ಕೆಲಸದಲ್ಲಿ ಮಾತ್ರ ಬಹಳ ಅಚ್ಚುಕಟ್ಟು.

ಅವಳು ಓದುತ್ತಿದ್ದುದು ಸಾವಿನ ವಿಷಯ. ಮೊದಲು ಕೇಳಿದಾಗ ನಾನು ಕಿವಿ ಮುಚ್ಚಿಕೊಂಡೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇದೆಂಥ ಮಾತು ಎಂದು. ಅವಳು ನಕ್ಕು, ಒಂದು ಭಾನುವಾರ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ ಮೈಕ್ರೋಸ್ಕೋಪಿನ ಮುಂದೆ ಕೂಡಿಸಿದಳು.

"ಇದು ನೊಣದ ಕಣ್ಣು. ಏನ ಕಾಣಸ್ತದ ಹೇಳ್ರಿ ವೈನಿ." ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ.

"ದಾಳಿಂಬ್ರಿ ಹಣ್ಣ ಒಡದ ಇಟ್ಟಂಗ ಅದ. ಕಾಳ ಎಲ್ಲಾ ಸಾಲಾಗಿ ಕೂತಾವ."

"ಈಗ ಇದನ್ನ ನೋಡ್ರಿ." ಬೇರೆ ನೊಣ ಇಟ್ಟಳು.

"ಇದು ಹಂಗಿಲ್ಲ. ಕಾಳ ಒಂದರ ಮ್ಯಾಲ ಒಂದ ಬಿದ್ದಾವ. ಯಾರೋ ಹಿಡಿ ತುಂಬ ಒಗದಂಗ ಅದ."

"ಹಾಂ, ಅದಕ್ಕ ನಾವು ಇದಕ್ಕ ಒರಟುಗಣ್ಣು ಅಂತೀವಿ."

ಆಮೇಲೆ ತಿಳಿಸಿ ಹೇಳಿದಳು. ನೊಣ ಕೋಶದೊಳಗೆ ಮಲಗಿ ರೂಪುಗೊಳ್ಳುವಾಗ ಕಣ್ಣಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜೀವಕೋಶಗಳು ಹುಟ್ಟುತ್ತವಂತೆ. ಹೆಚ್ಚಾದವು ಒಂದು ಗೊತ್ತಾದ ಹೊತ್ತಿಗೆ ತಾವಾಗಿಯೇ ಸಾಯುತ್ತವಂತೆ. ಉಳಿದವು ಸರಿದು ಸಾಲಾಗಿ ಕೂರುತ್ತವೆ. ಅವಳು ತನ್ನ ಬಾಟಲಿಗಳಲ್ಲಿ ಕಂಡುಹಿಡಿದ ಆ ಒಂದು ವಂಶದ ನೊಣಗಳಲ್ಲಿ ಮಾತ್ರ ಸಾಯಬೇಕಾದವು ಸಾಯುತ್ತಿರಲಿಲ್ಲ. ಅದಕ್ಕೇ ಕಣ್ಣು ಒರಟು. ಆ ಗುಣ ತಾಯಿ ತಂದೆಯಿಂದ ಮಕ್ಕಳಿಗೆ ಹೇಗೆ ಇಳಿದು ಬರುತ್ತದೆ ಎಂದು ಎಣಿಸಿ ತೋರಿಸುವುದೇ ಅವಳ ಕೆಲಸ.

"ಇದು ಅಪಘಾತದ ಸಾವಲ್ಲ ವೈನಿ, ಮುಹೂರ್ತ ಇಟ್ಟ ಸಾವು," ಎಂದಳು. "ನಿಮ್ಮ ಕೈಬೆರಳು ಬ್ಯಾರೆ ಬ್ಯಾರೆ ಆಗೂದೂ ಹಿಂಗ. ಹೊಟ್ಟ್ಯಾಗಿದ್ದಾಗ ಬೆರಳಿನ ನಡುವಿನವು ಸಾಯ್ತಾವ. ಇಲ್ಲಾಂದ್ರ ಬಾತುಕೋಳಿ ಕಾಲಿನಂಗ ಕೂಡಿಕೊಂಡ ಇರತಿದ್ವು."

ನಾನು ನನ್ನ ಕೈ ನೋಡಿಕೊಂಡೆ. ಹರಿಯೇ, ಎಲ್ಲ ಲೆಕ್ಕದಲ್ಲೇ ಇಟ್ಟಿದ್ದೀಯಲ್ಲ ಎಂದು ಅನಿಸಿತು. ಅವಳ ಓದಿನ ಮೇಲೆ ನನಗೆ ಗೌರವ ಹುಟ್ಟಿತು. ಇದನ್ನು ಯಾಕೆ ಹೇಳುತ್ತೇನೆಂದರೆ, ನಾನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು. ಆ ನೊಣಗಳ ಬೆಲೆ ನನಗೆ ಗೊತ್ತಿತ್ತು.

ಅವಳು ಬಂದ ಎರಡನೆಯ ವರ್ಷ ಕರಾವಳಿಗೆ ಒಂದು ತುಫಾನು ಬಡಿಯಿತು. ಕಾಲೇಜಿನ ಆ ಕೋಣೆಯ ಮಾಡು ಸೋರಿ, ಕರೆಂಟು ಹೋಗಿ, ವಾರಗಟ್ಟಲೆ ಬರಲಿಲ್ಲ. ಅರ್ಧಕ್ಕರ್ಧ ಬಾಟಲಿಗಳಿಗೆ ಬೂಷ್ಟು ಹಿಡಿಯಿತು. ಉಳಿದವನ್ನು ಅವಳು ಎರಡು ಹಣ್ಣಿನ ಬುಟ್ಟಿಗಳಲ್ಲಿ ತುಂಬಿಕೊಂಡು, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಮನೆಗೆ ತಂದಳು. ಗೈಡು ಒಪ್ಪಿದ್ದರು; ಕೋಣೆ ಸರಿಹೋಗುವ ತನಕ ಮನೆಯಲ್ಲೇ ಕೆಲಸ. ನಮ್ಮ ಉತ್ತರದ ಕೋಣೆ ತಂಪಾಗಿತ್ತು. ಅಲ್ಲಿದ್ದ ಹಾಸಿಗೆಯ ಕಪಾಟು ನೊಣದ ಕಪಾಟಾಯಿತು.

"ಮಂದಿ ನೊಣಾ ಹೊಡೀತಾರ, ನನ್ನ ತಂಗಿ ಸಾಕತಾಳ," ಎಂದರು ಇವರು. "ಬ್ಯಾಂಕಿನ್ಯಾಗ ಯಾರರೆ 'ಮನ್ಯಾಗ ಎಷ್ಟ ಮಂದಿ' ಅಂತ ಕೇಳಿದ್ರ ಏನ ಹೇಳ್ಲಿ?"

"ಒರಟುಗಣ್ಣಿನವು ಇಷ್ಟು, ಸಾದಾ ಕಣ್ಣಿನವು ಇಷ್ಟು ಅಂತ ಹೇಳ್ರಿ. ಲೆಕ್ಕಾ ನಾ ಬರದು ಕೊಡ್ತೀನಿ," ಎಂದಳು ಅವಳು.

ನೊಣದ ಅಡಿಗೆ ನನ್ನ ಪಾಲಿಗೆ ಬಂತು. ಗೋವಿನಜೋಳದ ಹಿಟ್ಟು, ಬೆಲ್ಲ, ಗಟ್ಟಿಯಾಗಲು ಒಂದು ಪುಡಿ, ಈಸ್ಟು. ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವಬೇಕು. ಇಳಿಸಿದ ಮೇಲೆ ಬೂಷ್ಟು ಬಾರದಂತೆ ಔಷಧಿ ಹನಿಸಿ ಬಾಟಲಿಗೆ ಸುರಿಯಬೇಕು. ಅವಳು ಕಾಲೇಜಿನಲ್ಲಿ ಮಾಡುತ್ತಿದ್ದುದು ಒಮ್ಮೆ ನೀರು, ಒಮ್ಮೆ ಕಲ್ಲು. ನನ್ನದು ಪ್ರತಿ ಸಲವೂ ಒಂದೇ ಹದ. ಮನೆಯೊಡತಿ ವಾಸನೆ ಹಿಡಿದು ಮೇಲೆ ಬಂದವಳು, "ಈಗಲಕಿ ಕೂಡಾ ಪ್ರಸಾದಮಾ ಅಂಡೀ?" ಎಂದಳು, ನೊಣಕ್ಕೂ ಪ್ರಸಾದವೇ ಎಂದು. ಆ ಅಡಿಗೆಯಿಂದ ನನಗೂ ಸ್ವಲ್ಪ ಕೊಬ್ಬು ಏರಿತ್ತು. ನನ್ನ ಕೈಯಡಿಗೆ ತಿಂದು ಒಂದು ಶಾಸ್ತ್ರವೇ ಬೆಳೆಯುತ್ತಿದೆ ಎಂದು ಅನಿಸುತ್ತಿತ್ತು.

ಅವಳ ಕೆಲಸಕ್ಕೆ ಎರಡು ಕಟ್ಟುನಿಟ್ಟಿನ ನೇಮ. ಒಂದು, ಎರಡು ಬಾಟಲಿಯ ಬಾಯಿಗೆ ತುರುಕಿದ ಹತ್ತಿ ಒಟ್ಟಿಗೆ ತೆಗೆಯಬಾರದು. ಎರಡು, ಎಣಿಸಿದ ನೊಣ ಎಂದೂ ತಿರುಗಿ ಬಾಟಲಿಗೆ ಹೋಗಬಾರದು. ಈಥರ್ ಮೂಸಿಸಿ ನಿದ್ದೆ ಹೋಗಿಸಿ, ಬಿಳಿಯ ಹೆಂಚಿನ ಮೇಲೆ ಸುರಿದು, ಸಣ್ಣ ಕುಂಚದಿಂದ ಒರಟುಗಣ್ಣಿನವನ್ನು ಒಂದು ಕಡೆ, ಸಾದಾ ಕಣ್ಣಿನವನ್ನು ಒಂದು ಕಡೆ ಸರಿಸಿ ಎಣಿಸುತ್ತಿದ್ದಳು. ಎಣಿಕೆ ಬರೆದಾದ ಮೇಲೆ ಎಲ್ಲವನ್ನೂ ಎಣ್ಣೆ ತುಂಬಿದ ಒಂದು ಬಾಟಲಿಗೆ ಕೊಡವುತ್ತಿದ್ದಳು. ಅಲ್ಲಿಗೆ ಅವುಗಳ ಕತೆ ಮುಗಿಯಿತು. ಆ ಎಣ್ಣೆಯ ಬಾಟಲಿಯನ್ನು ನಾನು ಮುಟ್ಟುತ್ತಿರಲಿಲ್ಲ. ಅವಳೂ ಮುಟ್ಟಿಸಿರಲಿಲ್ಲ.

ಎಲ್ಲ ಬಾಟಲಿಗಳಲ್ಲಿ ಒಂದು ಮುಖ್ಯದ್ದು. ಅದರ ಕತ್ತಿಗೆ ಕೆಂಪು ದಾರ. ಬರೀ ಒರಟುಗಣ್ಣಿನವು, ತಲೆತಲಾಂತರದಿಂದ ಬೇರೆ ಏನೂ ಬೆರೆಯದ ಶುದ್ಧ ವಂಶ. ಅದರ ಜೋಡಿ ಬಾಟಲಿಗಳೆಲ್ಲ ತುಫಾನಿನಲ್ಲಿ ಬೂಷ್ಟು ಹಿಡಿದು ಹೋಗಿದ್ದವು.

ಅವತ್ತು ಏಕಾದಶಿ. ನಾನು ನಿರಾಹಾರ. ಆ ದಿನ ನಾನು ಕಸ ಗುಡಿಸುವಾಗಲೂ ಇರುವೆಗಳನ್ನು ನೋಡಿ ಗುಡಿಸುವವಳು. ಮಧ್ಯಾಹ್ನ ಕೆಳಗಿನ ಮನೆಗೆ ಗೈಡಿನ ಫೋನು ಬಂತು, ಕೂಡಲೇ ಬಾ ಎಂದು. ಅವಳು ಆಗತಾನೇ ಎಣಿಕೆ ಮುಗಿಸಿದ್ದಳು. ಸೆರಗು ಸಿಕ್ಕಿಸಿಕೊಳ್ಳುತ್ತಲೇ ಹೇಳಿದಳು:

"ವೈನಿ, ಹೆಂಚಿನ ಮ್ಯಾಲಿನವನ್ನ ಎಣ್ಣಿ ಬಾಟ್ಲಿಗೆ ಝಾಡಿಸಿ ಬಿಡ್ರಿ. ಎಚ್ಚರ ಆಗೂದರಾಗ ಮಾಡ್ರಿ, ಇಲ್ಲಾಂದ್ರ ಮನಿ ತುಂಬ ಆಗ್ತಾವ."

"ಇವತ್ತ ಏಕಾದಶಿ ಅಲ್ಲೇನ," ಎಂದೆ. ಅವಳು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದಳು.

ಹೆಂಚಿನ ಮುಂದೆ ಕುಳಿತೆ. ಎರಡು ಗುಂಪು, ಎರಡೂ ನಿದ್ದೆಯಲ್ಲಿ. ಒಂದು ಕಾಲು ಅಲ್ಲಾಡಿತು. ನನ್ನ ಕೈಯ ಅಡಿಗೆ ಉಂಡು ಬೆಳೆದ ಜೀವಗಳು. ಉಪವಾಸದ ದಿನ ಇಷ್ಟು ಜೀವವನ್ನು ಎಣ್ಣೆಯಲ್ಲಿ ಮುಳುಗಿಸಿ, ಆ ಕೈಯಲ್ಲಿ ಸಂಜೆ ಆರತಿ ಹೇಗೆ ಹಿಡಿಯಲಿ? ಕಿಟಕಿಯಿಂದ ಬಿಡೋಣವೆಂದರೆ ನಿದ್ದೆಗಣ್ಣಲ್ಲಿ ಹಲ್ಲಿಯ ಬಾಯಿಗೆ ಹೋಗುತ್ತವೆ. ಇನ್ನೆರಡು ಅಲ್ಲಾಡಿದವು. ಕಪಾಟಿನತ್ತ ನೋಡಿದೆ. ಕೆಂಪು ದಾರದ ಬಾಟಲಿಗೆ ಹಿಂದಿನ ದಿನವಷ್ಟೇ ಹೊಸ ಅಡಿಗೆ ಹಾಕಿದ್ದೆವು. ಒಳಗೆ ನೊಣ ಕಡಿಮೆ, ಅನ್ನ ಬೇಕಾದಷ್ಟು. ಹತ್ತಿ ತೆಗೆದು, ಹೆಂಚನ್ನು ಓರೆ ಮಾಡಿ, ಕುಂಚದಿಂದ ಮೆಲ್ಲಗೆ ಎಲ್ಲವನ್ನೂ ಒಳಗೆ ಇಳಿಸಿದೆ. ಹತ್ತಿ ಮುಚ್ಚಿದೆ.

ನೇಮ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವು ಇನ್ನು ಎರಡು ದಿನ ಬದುಕಲಿ, ಆಮೇಲೆ ಅವಳೇ ಏನಾದರೂ ಮಾಡಿಕೊಳ್ಳಲಿ ಎಂದುಕೊಂಡೆ. ಸಂಜೆ ಹೇಳಬೇಕೆಂದಿದ್ದೆ. ಸಂಜೆ ಅವಳು ಮಾತಿನ ಮೇಲೆ ಮಾತು ಆಡುತ್ತಾ ಬಂದಳು. ಗೈಡು ಅವಳ ಎಣಿಕೆ ನೋಡಿ ಮೊದಲ ಸಲ ತಲೆದೂಗಿದ್ದರಂತೆ. ನಾನು ಹೇಳಲಿಲ್ಲ. ಮರುದಿನ ದ್ವಾದಶಿ, ಬೆಳಗಿನಿಂದ ಅಡಿಗೆ. ಆಮೇಲೆ ನಾನು ಮರೆತೆ. ಪುಣ್ಯ ಮಾಡಿದ ಸಮಾಧಾನ ಮಾತ್ರ ನೆನಪಿತ್ತು.

ನೊಣಕ್ಕೆ ಹತ್ತು ಹನ್ನೆರಡು ದಿನಕ್ಕೆ ಹೊಸ ತಲೆಮಾರು. ಒಂದು ಬುಧವಾರ ಬೆಳಿಗ್ಗೆ ಉತ್ತರದ ಕೋಣೆಯಿಂದ ಸದ್ದೇ ಇಲ್ಲ. ಚಹಾ ಕೊಡಲು ಹೋದರೆ ಅವಳು ಹೆಂಚಿನ ಮುಂದೆ ಕುಳಿತಿದ್ದಳು.

"ವೈನಿ, ಕೆಂಪ ದಾರದ್ದರಾಗ ಸಾದಾ ಕಣ್ಣಿನವು ಹುಟ್ಯಾವ."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ಹುಟ್ಟಬಾರದು. ಹುಟ್ಟಿದ್ರ ಈ ವಂಶ ಶುದ್ಧ ಅಲ್ಲ ಅಂತ ಆತು. ನಾ ಇಲ್ಲೀತನಕ ಎಣಿಸಿದ್ದೆಲ್ಲಾ ಸುಳ್ಳು ಅಂತ ಆತು." ನನ್ನ ಮುಖ ನೋಡಿ ಕೇಳಿದಳು: "ಅವತ್ತ ಹೆಂಚಿನ ಮ್ಯಾಲಿನವನ್ನ ಎಣ್ಣಿಗೆ ಹಾಕಿದ್ರಿ ಹೌದಲ್ಲೋ?"

"ಹಾಕಿದೆ," ಎಂದೆ.

ಅವತ್ತು ಏಕಾದಶಿಯಲ್ಲ, ದ್ವಾದಶಿಯಲ್ಲ. ಸುಳ್ಳು ಹೇಳಲು ನನಗೆ ಯಾವ ತಿಥಿಯೂ ಅಡ್ಡ ಬರಲಿಲ್ಲ.

ಅವಳು ನಂಬಿದಳು. ನಂಬಿದ್ದರಿಂದಲೇ ತಪ್ಪನ್ನು ತನ್ನಲ್ಲಿ ಹುಡುಕಿದಳು. ಎರಡು ಹತ್ತಿ ಒಟ್ಟಿಗೆ ತೆಗೆದೆನೇ, ನಿದ್ದೆಗಣ್ಣಲ್ಲಿ ಚೀಟಿ ಬದಲು ಮಾಡಿದೆನೇ, ಹೊಸ ಬಾಟಲಿಗೆ ಸಾಗಿಸುವಾಗ ಕೈ ತಪ್ಪಿತೇ ಎಂದು ಪುಸ್ತಕದ ಹಾಳೆ ತಿರುವಿ ತಿರುವಿ ನೋಡಿದಳು. ಗೈಡಿನ ಬಳಿ ಹೋಗಿ ಬಂದವಳ ಮುಖ ಸುಟ್ಟ ಹಾಗಿತ್ತು. ಅಣ್ಣ ಕೇಳಿದ್ದಕ್ಕೆ ಹೇಳಿದಳು: "ಒಂದೋ ಕೈಗಡಿಬಿಡಿ, ಇಲ್ಲಾ ಮನಸ್ಸಿಗೆ ಬೇಕಾದ ಎಣಿಕಿ ಬರಕೊಂಡಿ, ಎರಡರಾಗ ಯಾವುದು ಅಂತ ಕೇಳಿದ್ರು."

"ಮೊದಲಿಂದ ಗಡಿಬಿಡಿ ಹುಡುಗೀನ ನೀನು," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಲ್ಲ, ಅವಳದು ತಪ್ಪಿಲ್ಲ ಎನ್ನಲು ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕಿತ್ತು. ಒಗ್ಗರಣೆ ಹೊತ್ತುತ್ತದೆ ಎಂದು ಒಳಗೆ ಹೋದೆ.

ಹೇಳಿದ್ದರೆ ಅಂದೇ ಎಲ್ಲ ಸರಿಹೋಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಯಾವ ದಿನ, ಯಾವ ನೊಣ ಬೆರೆತವು ಎಂದು ಗೊತ್ತಾದರೆ ಹಿಂದಿನ ಎಣಿಕೆಗೆ ಮೋಸವಿಲ್ಲ. ಗೊತ್ತಾಗದಿದ್ದರೆ ಎಲ್ಲವೂ ಅನುಮಾನ. ಗೈಡು ಹೇಳಿದರು, ಮತ್ತೆ ಒರಟುಗಣ್ಣಿನವನ್ನು ಆರಿಸಿ ಶುದ್ಧ ಮಾಡು, ಮೊದಲಿನಿಂದ ಎಣಿಸು. ಅದಕ್ಕೆ ಒಂದು ವರ್ಷವಾದರೂ ಬೇಕು. ಅವಳು ಹಲ್ಲು ಕಚ್ಚಿ ಸುರು ಮಾಡಿದಳು. ಅಷ್ಟರಲ್ಲಿ ಇವರಿಗೆ ವಿಜಯವಾಡಕ್ಕೆ ವರ್ಗದ ಆದೇಶ ಬಂತು. ಹಾಸ್ಟೆಲಿನಲ್ಲಿ ಬಿಡಲು ಇವರು ಒಪ್ಪಲಿಲ್ಲ. ಬಾಟಲಿಗಳನ್ನು ತೆಗೆದುಕೊಂಡು ಹೋಗು, ಶುದ್ಧವಾದ ಮೇಲೆ ತಂದು ತೋರಿಸು ಎಂದು ಗೈಡು ಬಿಟ್ಟುಕೊಟ್ಟರು. ರೈಲಿನಲ್ಲಿ ವಿಶಾಖಪಟ್ಟಣದಿಂದ ವಿಜಯವಾಡದ ತನಕ ಅವಳು ಬುಟ್ಟಿಯನ್ನು ಕೆಳಗೆ ಇಡಲಿಲ್ಲ.

ವಿಜಯವಾಡದ ಪಟಮಟದಲ್ಲಿ ಮನೆ. ಒಳ್ಳೆಯ ನೆರೆ, ಹತ್ತಿರದಲ್ಲೇ ಸಿಟಿ ಬಸ್ಸು, ಬೆಟ್ಟದ ಮೇಲೆ ದುರ್ಗಮ್ಮ. ಆದರೆ ಅಲ್ಲಿಯ ಬೇಸಿಗೆಯನ್ನು ನಾವು ಕಂಡಿರಲಿಲ್ಲ. ಏಪ್ರಿಲಿನಲ್ಲೇ ಗೋಡೆಗೆ ಕೈ ಇಡಲಾಗುತ್ತಿರಲಿಲ್ಲ. ಬಾಟಲಿಗಳನ್ನು ಒದ್ದೆ ಮರಳಿನ ಮಡಕೆಯಲ್ಲಿ ಇಟ್ಟು, ಸುತ್ತಲೂ ಗೋಣಿತಾಟು ಸುತ್ತಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದೆ. ನನ್ನ ಜಪದ ಹೊತ್ತನ್ನೂ ಅದಕ್ಕೇ ಕೊಟ್ಟೆ. "ಸಾಕ ಬಿಡ್ರಿ ವೈನಿ, ನಿಮ್ಮ ಕೈ ಬಿರದಾವ," ಎನ್ನುತ್ತಿದ್ದಳು. ಆ ಪ್ರೀತಿಯ ಮಾತು ಕೇಳಿ ಇನ್ನಷ್ಟು ನೀರು ಚಿಮುಕಿಸುತ್ತಿದ್ದೆ. ಬಾಯಿ ಮಾತ್ರ ಬಿಡಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ನನ್ನ ಮಗಳು, ಆಗ ಅವಳಿಗೆ ಆರು ವರ್ಷ, ಮಡಕೆಯೊಳಗೆ ಇಣುಕಿ ನೋಡಿ ಕೂಗಿದಳು: "ಅತ್ಯಾ, ಈಗಲನ್ನೀ ಚಚ್ಚಿಪೋಯಾಯಿ!" ನೊಣವೆಲ್ಲ ಸತ್ತುಹೋದವು ಎಂದು. ಆ ಮಗುವಿಗೆ ದೊಡ್ಡ ಸುದ್ದಿ ಇದ್ದಾಗಲೆಲ್ಲ ತೆಲುಗೇ ಬಾಯಿಗೆ ಬರುತ್ತಿತ್ತು. ನಾದಿನಿ ಬಂದು ನೋಡಿದಳು. ಬಾಟಲಿಗಳನ್ನು ಒಂದೊಂದಾಗಿ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು.

ಆಮೇಲೆ ಅವಳು ಹೆಣ್ಣುಮಕ್ಕಳ ಜೂನಿಯರ್ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿಕೊಂಡಳು. ಬೆಂಜ್ ಸರ್ಕಲ್‌ನಲ್ಲಿ ಬಸ್ಸು ಬದಲಿಸಿ ಹೋಗಿ ಬರುತ್ತಿದ್ದಳು. ಬಂದ ಸಂಬಂಧಗಳಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವೇ ಸರಿದು ಹೋದವು. ಮನೆಯಲ್ಲಿ ನಗು ಇರಲಿಲ್ಲವೆಂದಲ್ಲ. ಆದರೆ ಪಾತ್ರೆ ಜೋಡಿಸುವಾಗಲೂ ಒಂದಕ್ಕೆ ಎರಡು ಸಲ ನೋಡುತ್ತಿದ್ದಳು. ಬೀಗ ಹಾಕಿ ಬಸ್ಸಿನ ತನಕ ಹೋದವಳು ತಿರುಗಿ ಬಂದು ಜಗ್ಗಿ ನೋಡುತ್ತಿದ್ದಳು. ಕಾಲೇಜಿನಲ್ಲಿ ಕಪ್ಪೆ ಕೊಯ್ದು ತೋರಿಸುವ ದಿನ ಅವಳ ಕೈ ನಡುಗುತ್ತಿತ್ತಂತೆ. ಸಂಜೆ ಹಾಗೇ ನಡುಗುವ ಕೈ ಮುಂದೆ ಚಾಚಿ ತೋರಿಸಿದಾಗ ನಾನು ಶುಂಠಿ ಕಷಾಯ ಮಾಡಿ ಕೊಟ್ಟೆ.

ಹೀಗೆ ನಾಲ್ಕು ವರ್ಷ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಗೈಡಿನಿಂದ ಒಂದು ಕಾಗದ ಬಂತು. ಅವಳು ಊಟದ ಮೇಜಿನ ಬಳಿ ನಿಂತು ಓದಿದಳು, ಆಮೇಲೆ ನನಗೆ ಕನ್ನಡದಲ್ಲಿ ಹೇಳಿದಳು. ಅವಳು ಮೊದಲ ವರ್ಷ ಕೊಟ್ಟಿದ್ದ ಒರಟುಗಣ್ಣಿನ ನೊಣಗಳಲ್ಲಿ ನಾಲ್ಕಾರನ್ನು ಅವರು ಬೇರೆ ಊರಿನ ಸ್ನೇಹಿತರೊಬ್ಬರಿಗೆ ಕಳಿಸಿ, ಆಮೇಲೆ ಮರೆತೇಬಿಟ್ಟಿದ್ದರಂತೆ. ಅವರಲ್ಲಿ ಆ ವಂಶ ಇನ್ನೂ ಬದುಕಿದೆ, ಇಷ್ಟು ವರ್ಷದಲ್ಲಿ ಒಂದೂ ಸಾದಾ ಕಣ್ಣು ಹುಟ್ಟಿಲ್ಲ. ಹೊರದೇಶಗಳಲ್ಲಿ ಈಗ ಈ ಮುಹೂರ್ತದ ಸಾವಿನ ವಿಷಯವೇ ದೊಡ್ಡದಾಗಿದೆ. ಬರುವ ಮನಸ್ಸಿದ್ದರೆ ಬಾ, ಜಾಗ ಕೊಡುತ್ತೇನೆ.

ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ದೇವರೇ ದಾರಿ ತೆಗೆದ, ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋಯಿತು ಎಂದು ಅಂದುಕೊಂಡೆ. ಹೌದು, ಅದನ್ನೇ ಅಂದುಕೊಂಡೆ.

"ಯಾವಾಗ ಹೋಗ್ತೀ?"

"ಹೋಗೂದಿಲ್ಲ."

"ಯಾಕ? ನೊಣ ಸರಿ ಅವ ಅಂತ ಅವರ ಬರದಾರಲ್ಲ?"

"ಅದಕ್ಕ ವೈನಿ. ನೊಣ ಸರಿ ಇದ್ವು ಅಂದ್ರ ತಪ್ಪಿದ್ದು ನನ್ನ ಕೈ. ಹೆಂಗ ತಪ್ಪಿತು ಅನ್ನೂದ ನನಗ ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದಾಕಿ ಮತ್ತ ಆ ಬಾಟ್ಲಿ ಮುಟ್ಟಬಾರದು." ಕಾಗದ ಮಡಚಿ, ಉತ್ತರ ಬರೆಯಲು ಪೆನ್ನು ಹುಡುಕತೊಡಗಿದಳು.

ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಅವಳು ಪೆನ್ನು ಹುಡುಕುವಷ್ಟು ಹೊತ್ತು ನನಗೆ ಸಿಕ್ಕಿತು. ಪೆನ್ನು ಇನ್ನೂ ಸ್ವಲ್ಪ ಬೇಗ ಸಿಕ್ಕಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ, ನನಗೇ ಖಾತ್ರಿಯಿಲ್ಲ.

"ನಿನ್ನ ಕೈ ತಪ್ಪಿಲ್ಲ," ಎಂದೆ. "ಬಾಟ್ಲಿಗೆ ಹಾಕಿದಾಕಿ ನಾನು."

ಅವಳು ತಿರುಗಿದಳು. ಕೂಗಾಡುತ್ತಾಳೆ ಎಂದು ಕಾದೆ. ಅವಳು ಪರೀಕ್ಷೆ ಮಾಡುವವಳ ಹಾಗೆ ಕೇಳಿದಳು:

"ಯಾವ ಬಾಟ್ಲಿ?"

"ಕೆಂಪ ದಾರದ್ದು."

"ಯಾವತ್ತು?"

"ಗೈಡು ಫೋನ್ ಮಾಡಿ ಕರದ್ರಲ್ಲ, ಅವತ್ತ. ಏಕಾದಶಿ ಇತ್ತು."

"ಹೆಂಚಿನ ಮ್ಯಾಲಿನವು ಎಲ್ಲಾ? ಎರಡೂ ಗುಂಪು?"

"ಎಲ್ಲಾ."

"ಮತ್ತ ಬ್ಯಾರೆ ಯಾವತ್ತರೆ?"

"ಇಲ್ಲ. ಅದೊಂದ ಸಲ. ದೇವರಾಣಿ."

"ಆಣಿ ಬ್ಯಾಡ."

ಒಳಗೆ ಹೋಗಿ ಟ್ರಂಕಿನ ತಳದಿಂದ ಹಳೆಯ ಪುಸ್ತಕ ತಂದಳು. ಹಾಳೆ ಹುಡುಕಿ, ಆ ದಿನದ ಎಣಿಕೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದಳು. "ಹಂಗಾದ್ರ ಇದರ ಹಿಂದಿಂದೆಲ್ಲಾ ಖರೇ," ಎಂದಳು. ಅದನ್ನು ನನಗೆ ಹೇಳಲಿಲ್ಲ, ಪುಸ್ತಕಕ್ಕೆ ಹೇಳಿದಳು. ಅವಳ ಮುಖ ಒಮ್ಮೆ ಬೆಳಗಿತು. ಆಮೇಲೆ ನನ್ನತ್ತ ನೋಡಿದಳು.

"ನೊಣಾ ಕೊಲ್ಲಲಿಕ್ಕೆ ನಿಮಗ ಕೈ ಬರಲಿಲ್ಲ. ನನ್ನ ಮಾರಿ ನೋಡಿ 'ಹಾಕಿದೆ' ಅನ್ನಲಿಕ್ಕೆ ಬಾಯಿ ಹೆಂಗ ಬಂತ್ರಿ?"

ನಾನು ಅವರೆಕಾಯಿಯ ತಟ್ಟೆ ಬದಿಗೆ ಸರಿಸಿದೆ.

"ನನ್ನ ಕೈ ನಡಗೂದ ನೋಡೀರಿ. ಕಷಾಯ ಮಾಡಿ ಕೊಟ್ಟೀರಿ. ಕೂತು ಕುಡಿಸೀರಿ." ಅವಳು ಪುಸ್ತಕ ಮುಚ್ಚಿದಳು. "ಕಷಾಯ ಕುಡದು ನಾ ನಿಮಗ ಕೈ ಮುಗದೀನಿ ವೈನಿ."

ಮೂರು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಅಡಿಗೆ ಉಂಡಳು, ಅದೇ ದೊಡ್ಡದು. ನಾಲ್ಕನೆಯ ದಿನ ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. ಗೈಡಿಗೆ ಕಳಿಸಬೇಕು, ಏನಾಯಿತೆಂದು ನೀವೇ ಬರೆಯಿರಿ, ಕೆಳಗೆ ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಮಾಡಿದವರ ಮಾತೇ ಬೇಕು ಎಂದಳು. ನಾನು ಬರೆದೆ: ಅಂದು ಏಕಾದಶಿ ಇದ್ದುದರಿಂದ, ಜೀವಹಿಂಸೆಗೆ ಮನಸ್ಸು ಒಪ್ಪದೆ... ಅವಳು ಓದಿ, ಅಷ್ಟನ್ನೂ ಗೆರೆ ಎಳೆದು ಹೊಡೆದು ಹಾಕಿದಳು.

"ಕಾರಣಾ ಬ್ಯಾಡ. ಮಾಡಿದ್ದ ಇಷ್ಟ ಬರೀರಿ."

ಹೊಸ ಹಾಳೆಯಲ್ಲಿ ಬರೆದೆ. ಕಾರಣ ತೆಗೆದರೆ ಐದೇ ಸಾಲು ಉಳಿಯಿತು. ಐದನೆಯ ಸಾಲು, ಕೇಳಿದಾಗ ನಾನು ಸುಳ್ಳು ಹೇಳಿದೆ ಎಂಬುದು. ಅದಕ್ಕೆ ಸಹಿ ಹಾಕಿದೆ.

"ಅಣ್ಣಗೂ ನೀವ ಹೇಳ್ರಿ," ಎಂದಳು. "ಗಡಿಬಿಡಿ ಹುಡುಗಿ ಅಂತ ಅಂದಾರ."

ಆ ಸಂಜೆ ಇವರು ಬ್ಯಾಂಕಿನಿಂದ ಬಂದು ಕಾಲು ತೊಳೆದು ಕುಳಿತ ಮೇಲೆ ಹೇಳಿದೆ. ಹೇಳುವಾಗ ಅಳು ಬಂತು. ಪೂರ್ತಿ ಕೇಳಿಸಿಕೊಂಡು ಇವರು ಗಟ್ಟಿಯಾಗಿ ನಕ್ಕುಬಿಟ್ಟರು.

"ನೊಣದ ಸಲವಾಗಿ ಇಷ್ಟ ಅಳೂದೇನ? ನಾ ಏನೋ ದೊಡ್ಡದ ಆಗೇದ ಅಂತ ತಿಳದೆ!"

ನಾದಿನಿ ಎದ್ದು ಒಳಗೆ ಹೋದಳು. ಆ ನಗು ಕೇಳಿದಾಗ ನನಗೆ ಗೊತ್ತಾಯಿತು. ಅವಳ ಕೆಲಸದ ಮೇಲೆ ನನಗೆ ಗೌರವವಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಒಳಗೊಳಗೆ ನಾನೂ ಹೀಗೇ ನಕ್ಕಿದ್ದೆ, ನೊಣದ ಸಲುವಾಗಿ ಏನು ಮಹಾ ಎಂದು. ಇಲ್ಲದಿದ್ದರೆ ಒಂದು ಒಗ್ಗರಣೆಯ ನೆವಕ್ಕೆ ಅವಳನ್ನು ಅಲ್ಲಿ ಹಾಗೆ ನಿಲ್ಲಿಸಿ ಹೋಗುತ್ತಿರಲಿಲ್ಲ.

"ನಗಬ್ಯಾಡ್ರಿ," ಎಂದೆ. ಮದುವೆಯಾದ ಮೇಲೆ ಇವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. "ಆಕಿ ನಾಕ ವರ್ಷ ನಾ ತಿಂದೀನಿ. ಆಕಿ ಹೋಗಲಿ. ಹಾಸ್ಟೆಲಿನ್ಯಾಗ ಇರಲಿ. ಇಲ್ಲ ಅನಬ್ಯಾಡ್ರಿ."

ಇವರು ನಗು ನಿಲ್ಲಿಸಿದರು. ಇಲ್ಲ ಎನ್ನಲಿಲ್ಲ.

ಹದಿನೈದು ದಿನದ ಮೇಲೆ ಅವಳು ಹೊರಟಳು. ಸ್ಟೇಷನ್ನಿಗೆ ಅಣ್ಣ ಹೋದರು, ನಾನು ಬಾಗಿಲ ತನಕ. "ಬರ್ತೀನ್ರಿ," ಎಂದಳು. ವೈನಿ ಎನ್ನಲಿಲ್ಲ. ಮೊದಲಾದರೆ ನೊಣಕ್ಕೆ ಅಡಿಗೆ ಯಾರು ಮಾಡುತ್ತಾರೆ ಎಂದು ತಾನೇ ಚೇಷ್ಟೆ ಮಾಡುತ್ತಿದ್ದಳು.

ಅವಳಿಗೆ ಇನ್ನೂ ಮೂರು ವರ್ಷ ಹಿಡಿಯಿತು. ಮುಗಿಸಿದಳು. ಹಸಿರು ರಟ್ಟಿನ ಪುಸ್ತಕದ ಒಂದು ಪ್ರತಿ ಅಣ್ಣನ ಹೆಸರಿಗೆ ಅಂಚೆಯಲ್ಲಿ ಬಂತು. ಇವರು ಹೆಮ್ಮೆಯಿಂದ ಕೂತು ಉಪಕಾರ ನೆನೆಯುವ ಪುಟವನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದರು. ಗೈಡು ಇದ್ದರು, ನೊಣಗಳನ್ನು ಉಳಿಸಿಕೊಟ್ಟ ಬೇರೆ ಊರಿನ ಸ್ನೇಹಿತರಿದ್ದರು, ಅಣ್ಣ ಇದ್ದರು, ಕಾಲೇಜಿನ ಕಾವಲುಗಾರನೂ ಇದ್ದ.

"ನಿನ್ನ ಹೆಸರ ಇಲ್ಲಲ್ಲ," ಎಂದರು ಇವರು, ಪುಟ ಹಿಂದೆ ಮುಂದೆ ತಿರುವಿ. "ಇಷ್ಟ ಅಡಿಗಿ ಮಾಡಿ ಹಾಕೀದಿ. ಮರತಾಳ ನೋಡು."

"ಮರತಿಲ್ಲ," ಎಂದೆ.

ಮರುದಿನ ಮಧ್ಯಾಹ್ನ ಮಗಳನ್ನು ಕೂಡಿಸಿಕೊಂಡು, ನನಗೆ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಬೆರಳಿಟ್ಟು ಹುಡುಕಿದೆ. ವಿಶಾಖಪಟ್ಟಣದ ನಮ್ಮ ಮನೆಯ ಎಣಿಕೆಗಳು ಒಂದು ಪಟ್ಟಿಯಲ್ಲಿದ್ದವು, ಏಕಾದಶಿಯ ದಿನದ್ದೇ ಕೊನೆಯದು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಮಗಳು ಓದಿ ಅರ್ಥ ಹೇಳಿದಳು: ಮನೆಯಲ್ಲಿ ಇಟ್ಟಿದ್ದಾಗ, ಈ ಕೊನೆಯ ದಿನ ಎಣಿಸಿದ ನೊಣಗಳನ್ನು ಮೂಲ ಬಾಟಲಿಗೆ ಸೇರಿಸಲಾಯಿತು, ಆ ದಿನದ ನಂತರದ ಎಣಿಕೆಗಳನ್ನು ಕೈಬಿಟ್ಟಿದೆ.

"ಯಾರು ಸೇರಿಸಿದ್ದಮ್ಮಾ?" ಎಂದು ಮಗಳು ಕೇಳಿದಳು.

"ನಾನು," ಎಂದೆ. ಅವಳಿಗೂ ಮೊದಲಿನಿಂದ ಹೇಳಿದೆ, ಕಾರಣ ಬಿಟ್ಟು.